ಎರಡರಿಂದ ನಾಲ್ಕು

ತುಮಕೂರಿನ ಮಗ್ಗುಲ ಮರಳೂರಿನ ಸುಬ್ಬಕೃಷ್ಣ ಮೇಷ್ಟ್ರ ಮನೆಯ ಫೋನಿಗೆ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಗೊತ್ತಾದ ಒಂದು ಕೆಲಸವಿತ್ತು. ಕುಣಿಗಲ್ಲಿಗೆ ಕೊಟ್ಟ ಮಗಳು ಅಪರ್ಣ ಅಮ್ಮನೊಂದಿಗೆ ಮಾತಾಡುವುದಾದರೆ ಆ ಹೊತ್ತಿನಲ್ಲೇ ಆಡಬೇಕು. ಅವಳ ಮಾವ ತಾಲ್ಲೂಕು ಕಚೇರಿಯ ಎದುರು ಕೂತು ಕ್ರಯಪತ್ರ, ದಾನಪತ್ರ ಬರೆಯುವವರು. ಮನೆಯ ಫೋನಿಗೊಂದು ಪುಟ್ಟ ಬೀಗ ಜಡಿದು, ಬೀಗದ ಕೈಯನ್ನು ಜನಿವಾರಕ್ಕೆ ಕಟ್ಟಿಕೊಂಡು ಕೆಲಸಕ್ಕೆ ಹೋಗುತ್ತಿದ್ದರು. ಎರಡಕ್ಕೆ ಊಟಕ್ಕೆ ಬಂದರೆ ಬೀಗ ತೆರೆಯುತ್ತಿತ್ತು, ನಾಲ್ಕಕ್ಕೆ ಹೊರಟರೆ ಮತ್ತೆ ಬೀಗ, ಅದು ಮಾರನೆಯ ಮಧ್ಯಾಹ್ನದವರೆಗೂ ತೆರೆಯದು. ಜಿಪುಣತನಕ್ಕೂ ಒಂದು ವೇಳಾಪಟ್ಟಿ ಇರುತ್ತದೆ ಎಂದು ಮೇಷ್ಟ್ರ ಹೆಂಡತಿ ಶಾರದ ನಗಾಡುತ್ತಿದ್ದಳು.

ನಗು ಬಹಳ ದಿನ ಉಳಿಯಲಿಲ್ಲ. ಅಪರ್ಣ ಬಸುರಿಯಾದ ಮೇಲೆ ಫೋನು ದಿನ ಬಿಟ್ಟು ದಿನ ಬರತೊಡಗಿತು. ಮಾವ ಉಂಡು ಮಲಗಿದ ಮೇಲೆ ಅವಳು ದನಿ ತಗ್ಗಿಸಿ ಶುರುಮಾಡುತ್ತಿದ್ದಳು. ಸಾರಿಗೆ ಬೆಲ್ಲ ಹೆಚ್ಚಾಯಿತೆಂದು ಅತ್ತೆ ತಟ್ಟೆ ಸರಿಸಿದರು, ಹುಣಸೆಹಣ್ಣು ತಿನ್ನಬೇಕೆನಿಸಿದರೆ ಕೇಳಿ ತಿನ್ನಬೇಕು, ಗಂಡ ಬ್ಯಾಂಕಿನ ತರಬೇತಿಗೆಂದು ಮಂಗಳೂರಿಗೆ ಹೋದವನು ಹದಿನೈದು ದಿನದಿಂದ ಕಾಗದ ಹಾಕಿಲ್ಲ. ಶಾರದ ಗೋಡೆಗೊರಗಿ ನಿಂತು ಕೇಳುವಳು. ಕಾಲು ಜೋಮು ಹಿಡಿದರೆ ಕಾಲು ಬದಲಿಸುವಳು. ಒಲೆಯ ಮೇಲಿಟ್ಟ ಹಾಲು ಎರಡು ಸಲ ಉಕ್ಕಿ ಹರಿದಿತ್ತು.

ಒಂದು ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಬಂದ ಮೇಷ್ಟ್ರು ಹೆಂಡತಿಯ ಕೈಯಿಂದ ಫೋನು ಕಿತ್ತುಕೊಂಡರು.

"ಅಪ್ಪೀ, ಕೇಳಿಲ್ಲಿ. ಹೀಗೆ ದಿನಾ ಫೋನ್ ಮಾಡಿ ಅಳ್ತಾ ಕೂತ್ರೆ ನೀನು ಆ ಮನೆಗೆ ಹೊಂದ್ಕೊಳ್ಳೋದು ಯಾವಾಗ? ಇನ್ನೊಂದ್ಸಲ ಅತ್ತೆ ಹಾಗಂದ್ರು ಹೀಗಂದ್ರು ಅಂತ ಮಾಡಿದ್ರೆ ರಿಸೀವರ್ ಎತ್ತಿ ಪಕ್ಕಕ್ಕಿಟ್ಟುಬಿಡ್ತೀನಿ. ಗೊತ್ತಾಯ್ತಾ?"

ಮೇಷ್ಟ್ರು ಫೋನು ಇಟ್ಟು ಕೈಕಾಲು ತೊಳೆಯಲು ಹೋದರು. ಅವರು ಆಡಿದ್ದನ್ನು ಮಾಡುವ ಮನುಷ್ಯರಲ್ಲ, ಆಡಿ ಅರ್ಧ ಗಂಟೆಗೆ ತಾವೇ ಕೊರಗುವವರು. ಇದು ಶಾರದಳಿಗೆ ಗೊತ್ತಿತ್ತು. ಮಗಳಿಗೆ ಗೊತ್ತಿರಲಿಲ್ಲ.

ಆಮೇಲೆ ಅಪರ್ಣಳ ಫೋನು ವಾರಕ್ಕೊಮ್ಮೆ ಬಂತು, ಅದೂ ಎರಡೇ ಮಾತು. ಏಳನೇ ತಿಂಗಳು ತುಂಬುತ್ತಾ ಬಂದಾಗ ಬೀಗಿತ್ತಿ ಸೀತಾಲಕ್ಷ್ಮಮ್ಮ ಒಂದು ಮಧ್ಯಾಹ್ನ ತಾವೇ ಫೋನು ಮಾಡಿದರು.

"ನೋಡಿ ಶಾರದಮ್ಮ, ಚೊಚ್ಚಲ ಬಾಣಂತನ ತವರಿನದು. ಮುಂದಿನ ಭಾನುವಾರಕ್ಕೆ ಏಳು ತುಂಬತ್ತೆ. ಎಂಟರಲ್ಲಿ ನಮ್ಮನೇಲಿ ಹೊಸ್ತಿಲು ದಾಟಿಸೋ ಪದ್ಧತಿ ಇಲ್ಲ. ಇವರು ಪಂಚಾಂಗ ನೋಡಿ ದಿನ ಹೇಳ್ತಾರೆ. ನಾವೇ ಫೋನ್ ಮಾಡ್ತೀವಿ, ನೀವು ಹೂವು ತಗೊಂಡು ಬಂದು ಕರ್ಕೊಂಡು ಹೋಗಿ."

"ಆಗಲಿ, ಕಾಯ್ತಿರ್ತೀವಿ" ಎಂದಳು ಶಾರದ. ಅಂದೇ ಒಳಕೋಣೆಯ ಮಂಚದಿಂದ ಹಳೇ ಪೇಪರಿನ ಕಟ್ಟುಗಳನ್ನು ಇಳಿಸಿದಳು.

ಅದೇ ಹೊತ್ತಿಗೆ ಮಗ ಪ್ರದ್ಯುಮ್ನನ ತಲೆಯ ಮೇಲೂ ಒಂದು ಭಾನುವಾರ ಕೂತಿತ್ತು. ಅವನು ಡಿಪ್ಲೊಮಾ ಮುಗಿಸಿ ಎರಡು ವರ್ಷವಾಗಿತ್ತು. ಇಸವಿ ಎರಡು ಸಾವಿರ. ಬೀದಿಗೊಂದು ಕಂಪ್ಯೂಟರ್ ಕ್ಲಾಸ್ ಎದ್ದಿತ್ತು, ಕಂಪ್ಯೂಟರ್ ಕಲಿತವರಿಗೆ ಕೆಲಸ ಮಾತ್ರ ಇರಲಿಲ್ಲ. ಗೆಳೆಯ ನಾಗೇಶನ ಜೊತೆ ಸೇರಿ ಗುಬ್ಬಿಯ ಒಂದು ಖಾಸಗಿ ಕಾಲೇಜಿನಲ್ಲಿ ಆರು ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸಿಕೊಡುವ ಕೆಲಸ ಹಿಡಿದಿದ್ದ. ಅದು ಅವನ ಮೊದಲ ಸ್ವಂತ ಕೆಲಸ. ಕಾಲೇಜಿನ ಕಾರ್ಯದರ್ಶಿ ಆಂಜನಪ್ಪ ವೈರಿಗೆ ದುಡ್ಡು ಕೊಟ್ಟಿದ್ದರು, ಸಾಫ್ಟ್‌ವೇರಿಗೆ ಒಂದು ಬಿಡಿಗಾಸೂ ಕೊಡುವುದಿಲ್ಲ ಎಂದಿದ್ದರು. ಆ ಭಾನುವಾರ ಕಳೆದ ಸೋಮವಾರ ಲ್ಯಾಬು ಶುರುವಾಗಬೇಕು, ಇಲ್ಲದಿದ್ದರೆ ಬೆಂಗಳೂರಿನವರನ್ನು ಕರೆಸುತ್ತೇನೆ ಎಂದೂ ಸೇರಿಸಿದ್ದರು.

"ಬಿಟ್ಟಿ ಸಾಫ್ಟ್‌ವೇರ್ ಇದೆ ಅಮ್ಮ" ಎಂದ ಪ್ರದ್ಯುಮ್ನ, ಸೋಮವಾರ ಮಧ್ಯಾಹ್ನ ಹುಳಿಯನ್ನ ಕಲಸುತ್ತಾ. "ಯಾರ್ಯಾರೋ ಸೇರಿ ಬರೆದು ಇಂಟರ್ನೆಟ್ಟಲ್ಲಿ ಇಟ್ಟಿದಾರೆ. ಯಾರು ಬೇಕಾದ್ರೂ ಇಳಿಸ್ಕೋಬಹುದು. ಆರೂ ಕಂಪ್ಯೂಟರ್ ಒಂದೇ ಫೋನ್ ಲೈನಲ್ಲಿ ಕೆಲಸ ಮಾಡತ್ತೆ."

"ಬಿಟ್ಟಿ ಯಾಕೋ ಕೊಡ್ತಾರೆ? ಅವರಿಗೆ ಬೇರೆ ಕೆಲಸ ಇಲ್ವಾ?"

"ಕೊಡ್ತಾರಮ್ಮ. ನಲವತ್ತು ಎಂಬಿ ಇದೆ. ನಮ್ಮ ಲೈನಲ್ಲಿ ಒಂದು ಗಂಟೆಗೆ ಹತ್ತು ಇಳಿದ್ರೆ ಹೆಚ್ಚು. ಬೆಳಗ್ಗೆ ನಾನು ಗುಬ್ಬೀಲಿ ವೈರ್ ಎಳೀಬೇಕು, ರಾತ್ರಿ ಫೋನಿನ ಪಕ್ಕದಲ್ಲೇ ಅಪ್ಪನ ಹಾಸಿಗೆ. ಮಧ್ಯಾಹ್ನ ಬಿಟ್ರೆ ಹೊತ್ತೇ ಇಲ್ಲ. ಅಪ್ಪ ನಾಲ್ಕೂವರೆಗೆ ಬರೋದ್ರೊಳಗೆ ತೆಗೆದುಬಿಡ್ತೀನಿ."

"ಮಧ್ಯಾಹ್ನ ಕುಣಿಗಲ್ ಫೋನ್ ಬರೋ ಹೊತ್ತು ಕಣೋ. ಈ ವಾರ ದಿನ ಹೇಳ್ತಾರೆ."

"ಎರಡೇ ದಿನ ಅಮ್ಮ. ಇವತ್ತು ನಾಳೆ. ಬುಧವಾರದಿಂದ ಫೋನು ನಿಂದು."

ಶಾರದ ಮಜ್ಜಿಗೆಯ ಪಾತ್ರೆ ಹಿಡಿದು ಒಂದು ಕ್ಷಣ ನಿಂತಳು. ಎರಡು ವರ್ಷ ಈ ಹುಡುಗ ಬೆಳಗ್ಗೆ ಎದ್ದು ಪೇಪರಿನ ಕೊನೆಯ ಪುಟ ತಿರುವಿ ಮತ್ತೆ ಮಲಗುವುದನ್ನು ನೋಡಿದ್ದಳು. ಈಗ ಅವನ ಅಂಗಿಯ ಜೇಬಿನಲ್ಲಿ ಸ್ಕ್ರೂಡ್ರೈವರು ಇತ್ತು, ಬಾಯಲ್ಲಿ ಆತುರವಿತ್ತು.

"ಅಪ್ಪನಿಗೆ ಹೇಳ್ಬೇಡ. ಬಿಲ್ಲು ಅಂತ ಕೂಗಾಡ್ತಾರೆ" ಎಂದಳು. ಒಪ್ಪಿಗೆ ಅಂದರೆ ಅಷ್ಟೇ.

ಪ್ರದ್ಯುಮ್ನ ಫೋನಿನ ವೈರು ಕಿತ್ತು ತನ್ನ ಕೋಣೆಯ ಕಂಪ್ಯೂಟರಿನ ಪೆಟ್ಟಿಗೆಗೆ ಸೇರಿಸಿದ, ಅಲ್ಲಿಂದ ಇನ್ನೊಂದು ವೈರು ಎಳೆದು ಫೋನಿಗೆ ಕೊಟ್ಟ. ಪೆಟ್ಟಿಗೆ ಕೀಂ ಎಂದಿತು, ಕರ್ರೆಂದಿತು, ಗಂಟಲಿಗೆ ಮುಳ್ಳು ಸಿಕ್ಕಂತೆ ಕೆಮ್ಮಿತು, ಆಮೇಲೆ ಸುಮ್ಮನಾಯಿತು. ಪರದೆಯ ಮೇಲೆ ನೀಲಿಯ ಗೆರೆಯೊಂದು ಇರುವೆಗಿಂತ ನಿಧಾನವಾಗಿ ಹೊರಟಿತು. ಸೋಮವಾರ ಹದಿನೆಂಟು ಎಂಬಿಗೆ ಲೈನು ತುಂಡಾಯಿತು. ಮಂಗಳವಾರ ಇಪ್ಪತ್ತೆರಡಕ್ಕೆ. ತುಂಡಾದರೆ ಮೊದಲಿನಿಂದ ಇಳಿಸಬೇಕು ಎಂದು ಕೇಳಿ ಶಾರದಳಿಗೆ ಆಶ್ಚರ್ಯವಾಯಿತು. ಅರ್ಧ ಬೀಸಿದ ಹಿಟ್ಟನ್ನು ಯಾರಾದರೂ ಚೆಲ್ಲುತ್ತಾರೆಯೇ?

ಅದನ್ನು ನೋಡಿ ನಾಗೇಶ ಯಾವುದೋ ಚಿಕ್ಕ ಪ್ರೋಗ್ರಾಮು ಹಾಕಿಕೊಟ್ಟ. ಅದಿದ್ದರೆ ಲೈನು ತಾನಾಗಿ ಹೋದಾಗ ನಿಂತಲ್ಲಿಂದಲೇ, ಅಂದರೆ ಆ ಇಪ್ಪತ್ತೆರಡರಿಂದಲೇ, ಮುಂದುವರಿಯಬಹುದು, ಆದರೆ ನಡುವೆ ಫೋನು ಎತ್ತಿದರೆ ಏನಾಗುತ್ತೋ ಹೇಳಲಾಗದು ಎಂದಿದ್ದ. ಈ ಕೊನೆಯ ಮಾತನ್ನು ಶಾರದಳಿಗೆ ಯಾರೂ ಹೇಳಲಿಲ್ಲ.

ಬುಧವಾರ ಮೂರು ಗಂಟೆಗೆ ಅವಳ ಮನಸ್ಸು ತಡೆಯಲಿಲ್ಲ. ಅವರು ಮಾಡದಿದ್ದರೆ ನಾವೇ ಮಾಡಿದರಾಯಿತು ಎಂದು ಸೆರಗಿಗೆ ಕೈ ಒರೆಸಿಕೊಂಡು ರಿಸೀವರು ಎತ್ತಿದಳು. ಕಿವಿ ಹರಿಯುವಂತೆ ಕರ್ರೆಂದಿತು. ಒಳಗಿನಿಂದ ಪ್ರದ್ಯುಮ್ನ ಚೀರಿಕೊಂಡ.

"ಅಮ್ಮಾ! ಇಡು! ಇಡಮ್ಮಾ!"

ಅವಳು ಬಿಸಿ ಪಾತ್ರೆ ಮುಟ್ಟಿದವಳ ಹಾಗೆ ಇಟ್ಟುಬಿಟ್ಟಳು. ಕೋಣೆಗೆ ಹೋಗಿ ನೋಡಿದರೆ ಮಗ ತಲೆ ಮೇಲೆ ಕೈಹೊತ್ತು ಕೂತಿದ್ದ.

"ಮೂವತ್ತೊಂದಾಗಿತ್ತು. ಮೂವತ್ತೊಂದಮ್ಮ! ಫೈಲೇ ಕೆಟ್ಟು ಹೋಯ್ತು. ಮತ್ತೆ ಸೊನ್ನೆಯಿಂದ."

"ನಂಗೇನೋ ಗೊತ್ತು ಪುಟ್ಟಾ? ಕುಣಿಗಲ್ಲಿಗೆ ಒಂದು ಮಾತು..."

"ಕುಣಿಗಲ್ ಎಲ್ಲೂ ಓಡಿಹೋಗಲ್ಲ. ಈ ಕೆಲಸ ಹೋದ್ರೆ ನಂಗೆ ಇನ್ನೊಬ್ರು ಕೊಡಲ್ಲ." ಅವನ ದನಿ ಒಡೆಯಿತು. ಇಪ್ಪತ್ತೆರಡು ವರ್ಷದ ಮಗ ಅಳುವುದನ್ನು ನೋಡಲಾರದೆ ಶಾರದ ಅಡುಗೆಮನೆಗೆ ಹೋದಳು, ಅವನಿಗೆಂದು ಒಗ್ಗರಣೆ ಅವಲಕ್ಕಿ ಮಾಡಿದಳು. ಆಮೇಲೆ ಮಧ್ಯಾಹ್ನ ಆ ಫೋನಿನ ಹತ್ತಿರ ಸುಳಿಯಲಿಲ್ಲ.

ಗುರುವಾರ ಪಾತ್ರೆ ತೊಳೆಯಲು ಗೂಳೂರಿನಿಂದ ಬರುವ ಚಿಕ್ಕಗಂಗಮ್ಮ ಹಿತ್ತಲಲ್ಲಿ ಬೋಗುಣಿ ಉಜ್ಜುತ್ತಾ ತಲೆ ಎತ್ತಿದಳು.

"ಯಾಕವ್ವಾ, ಈ ವಾರ್ದಾಗೆ ಒಂದ್ ದಪಾನೂ ಅಪ್ಪಿಯವ್ವನ ಫೋನು ಹೊಡ್ಕೊಂಡಿದ್ದು ಕೇಳ್ನಿಲ್ಲ?"

"ಪ್ರದ್ಯುಮ್ನ ಏನೋ ಮಾಡ್ತಿದಾನೆ ಕಣೇ ಅದ್ರಲ್ಲಿ."

"ಬಸ್ರಿ ಹೆಣ್ಣು. ಏನ್ ಹೇಳ್ಬೇಕಂತಿತ್ತೋ ಏನೋ."

"ಹೇಳೋದು ಇದ್ದೇ ಇದೆ ಬಿಡು. ಹಾಳಾದ್ದು, ಒಂದು ನಾಲ್ಕು ದಿನ ನಾನೂ ಮಧ್ಯಾಹ್ನ ಮೈ ಚೆಲ್ತೀನಿ" ಎಂದಳು ಶಾರದ.

ಹೇಳಿದಂತೆ ಮಾಡಿದಳು ಕೂಡ. ಚಾಪೆ ಹಾಸಿ, ಫ್ಯಾನು ಹಾಕಿ, ಎರಡೂವರೆಯಿಂದ ನಾಲ್ಕರವರೆಗೆ ಕಣ್ಣು ತುಂಬ ನಿದ್ದೆ ಮಾಡಿದಳು. ಎಷ್ಟೋ ತಿಂಗಳ ನಂತರದ ನಿದ್ದೆ. ಅಳುವ ದನಿಯಿಲ್ಲ, ಸಮಾಧಾನ ಹೇಳುವ ಕಷ್ಟವಿಲ್ಲ. ಎದ್ದಾಗ ಮೈ ಹಗುರಾಗಿತ್ತು. ಈ ಹಗುರವನ್ನು ಅವಳು ಮುಂದೆ ಯಾರಿಗೂ ಹೇಳಲಿಲ್ಲ, ತನ್ನನ್ನು ತಾನು ಕ್ಷಮಿಸಲೂ ಇಲ್ಲ.

ಶುಕ್ರವಾರವೂ ಹಾಗೇ ಕಳೆಯಿತು. ಶನಿವಾರ ಮೇಷ್ಟ್ರು ಶಾಲೆ ಮುಗಿದ ಮೇಲೆ ಪಠ್ಯಪುಸ್ತಕ ತರಲು ಹೋಗಿದ್ದರು. ಮೂರೂ ಮುಕ್ಕಾಲಿಗೆ ಗೆರೆ ಮೂವತ್ತೆಂಟು ಮುಟ್ಟಿತು. ಪ್ರದ್ಯುಮ್ನ ಅಮ್ಮನನ್ನು ಕೂಗಿ ಕರೆದು ತೋರಿಸಿದ. ಅಷ್ಟರಲ್ಲಿ ಮನೆಯ ಕರೆಂಟು ಹೋಯಿತು. ಆರು ಗಂಟೆಗೆ ಬಂದಾಗ ಇಳಿಸಿದ್ದೆಲ್ಲ ಕೆಟ್ಟಿತ್ತು.

ಭಾನುವಾರ ಊಟಕ್ಕೆ ಕೂತಾಗ ಶಾರದ ಮಾತು ತೆಗೆದಳು.

"ರೀ, ಬೀಗರು ಫೋನ್ ಮಾಡ್ಲೇ ಇಲ್ಲ. ಇವತ್ತಿಗೆ ಏಳು ತುಂಬ್ತು. ನೀವೇ ಒಂದು ಮಾಡಿ."

"ಅವರೇ ಮಾಡ್ತೀವಿ ಅಂದಿದಾರಲ್ಲ. ನಾವು ಮೇಲೆ ಬಿದ್ದು ಮಾಡಿದ್ರೆ ಅವಸರ ಅನ್ಕೋತಾರೆ. ನಾಳೆ ಬೆಳಗ್ಗೆ ಮಾಡ್ತೀನಿ. ಒಂದಿನದಲ್ಲಿ ಏನಾಗತ್ತೆ?" ಮೇಷ್ಟ್ರು ಮಗನ ಕಡೆ ತಿರುಗಿದರು. "ನಿಂದೇನಾಯ್ತೋ ಗುಬ್ಬಿ ಪುರಾಣ?"

"ನಾಗೇಶ ಬೆಂಗಳೂರಿಗೆ ಹೋಗಿದಾನೆ" ಎಂದ ಪ್ರದ್ಯುಮ್ನ. ತಟ್ಟೆಯಿಂದ ಕಣ್ಣೆತ್ತಲಿಲ್ಲ.

ರಾತ್ರಿ ನಾಗೇಶ ಬಂದ. ಅವನ ಕೈಯಲ್ಲಿ ಕಂಪ್ಯೂಟರ್ ಪತ್ರಿಕೆಯೊಂದಿತ್ತು, ಅದರೊಳಗೆ ಪ್ಲಾಸ್ಟಿಕ್ ಲಕೋಟೆಯಲ್ಲಿ ಒಂದು ಸಿ.ಡಿ. ಆರು ದಿನ ಹೆಣಗಿದರೂ ಇಳಿಯದ ಅದೇ ಸಾಫ್ಟ್‌ವೇರು ಪತ್ರಿಕೆಯ ಜೊತೆ ಬಿಟ್ಟಿ ಬಂದಿತ್ತು. ಮೆಜೆಸ್ಟಿಕ್ಕಿನ ಬಸ್‌ಸ್ಟ್ಯಾಂಡಿನಲ್ಲಿ ತೂಗುಹಾಕಿ ಮಾರುತ್ತಿದ್ದರಂತೆ. ಪ್ರದ್ಯುಮ್ನ ನಕ್ಕ. ನಗುತ್ತಾ ಅಮ್ಮನ ಮುಖ ನೋಡಿ ನಗು ನಿಲ್ಲಿಸಿದ.

ಸೋಮವಾರ ಬೆಳಗ್ಗೆ ಎಂಟಕ್ಕೆ ಮೇಷ್ಟ್ರು ಕುಣಿಗಲ್ಲಿಗೆ ಫೋನು ಹಚ್ಚಿದರು. ಬೀಗರ ದನಿ ಪಕ್ಕದಲ್ಲಿ ನಿಂತ ಶಾರದಳಿಗೂ ಕೇಳಿಸುವಷ್ಟು ಗಟ್ಟಿಯಾಗಿತ್ತು.

"ಈಗ ನೆನಪಾಯ್ತಾ ಸ್ವಾಮಿ? ಬುಧವಾರ, ಶುಕ್ರವಾರ ಎರಡು ದಿನ ಪ್ರಶಸ್ತವಾಗಿತ್ತು. ಸೋಮವಾರದಿಂದ ಶನಿವಾರದ ತನಕ ದಿನಾ ಮಧ್ಯಾಹ್ನ ನಾಲ್ಕು ಸಲ ಮಾಡಿದೀವಿ. ಯಾವಾಗ ಮಾಡಿದ್ರೂ ಎಂಗೇಜು. ನಿಮ್ಮ ಮಗಳೇ ಅಂದ್ಳು, ಬೇಡಿ ಮಾವಾ, ನಮ್ಮಪ್ಪ ರಿಸೀವರ್ ಎತ್ತಿ ಪಕ್ಕಕ್ಕಿಟ್ಟಿದಾರೆ, ಹಾಗೆ ಮಾಡ್ತೀನಿ ಅಂತ ಮೊದಲೇ ಹೇಳಿದ್ರು ಅಂತ."

"ಅಯ್ಯೋ, ನಾನೆಲ್ಲಿ ಇಟ್ಟೆ? ಬೀಗರೇ, ಇವತ್ತೇ ಹೊರಟು ಬರ್ತೀವಿ..."

"ಎಂಟು ಬಿತ್ತು. ಇನ್ನು ಕಳಿಸೋ ಹಾಗಿಲ್ಲ. ಒಂಬತ್ತರಲ್ಲಿ ಬಸ್ಸು ಬೇಡ ಅಂತ ಡಾಕ್ಟರು ಹೇಳಿದಾರೆ. ಬಾಣಂತನ ಇಲ್ಲೇ ಮಾಡ್ಕೋತೀವಿ, ನಮಗೇನು ಭಾರ ಅಲ್ಲ."

"ಒಂದ್ಸಲ ಅಪ್ಪಿ ಕೈಗೆ ಕೊಡಿ."

ಒಳಗೆ ಅವಳನ್ನು ಕೂಗಿದ್ದು ಕೇಳಿಸಿತು. ಆಮೇಲೆ ಬೀಗರೇ ಮಾತಾಡಿದರು. "ಬರಲ್ಲ ಅಂತಾಳೆ."

ಮೇಷ್ಟ್ರು ಫೋನು ಇಟ್ಟು ಅದನ್ನೇ ನೋಡುತ್ತಾ ನಿಂತರು. "ಆರು ದಿನ ಎಂಗೇಜ್ ಹೇಗೆ ಬರತ್ತೆ ಶಾರದಾ?"

"ಲೈನು ಕೆಟ್ಟಿತ್ತೋ ಏನೋ" ಎಂದುಬಿಟ್ಟಳು ಶಾರದ. ಪ್ರದ್ಯುಮ್ನ ಸಿ.ಡಿ. ಇದ್ದ ಚೀಲ ಹೆಗಲಿಗೇರಿಸಿ ಗುಬ್ಬಿ ಬಸ್ಸಿಗೆ ಹೊರಟಿದ್ದ.

ಮೇಷ್ಟ್ರು ಟೆಲಿಫೋನ್ ಆಫೀಸಿಗೆ ಹೋಗಿ ಜಗಳ ತೆಗೆದರು. ಇಪ್ಪತ್ತೆಂಟು ವರ್ಷ ತರಗತಿಯಲ್ಲಿ ಕೂಗಿದ ಗಂಟಲು ಅದು, ಇಡೀ ಆಫೀಸು ಕೇಳಿತು. ಮಾರನೆಯ ದಿನ ಸಂಜೆ ಲೈನ್‌ಮನ್ ಪುಟ್ಟರಂಗಯ್ಯ ಏಣಿ ಹೊತ್ತು ಬಂದ. ಕಂಬ ಹತ್ತಿ ನೋಡಿದ, ಇಳಿದು ಬಂದು ಹಜಾರದ ಗೋಡೆಯ ವೈರು ಹಿಡಿದು ಹೆಜ್ಜೆ ಹೆಜ್ಜೆಯಾಗಿ ಪ್ರದ್ಯುಮ್ನನ ಕೋಣೆಯ ಬಾಗಿಲಿಗೆ ಹೋಗಿ ನಿಂತ.

"ಮೇಷ್ಟ್ರೇ, ಲೈನು ಬಂಗಾರದಂಗೈತೆ. ಎಂಗೇಜು ನಿಮ್ಮ ಮನೆಯೊಳ್ಗೇ ಐತೆ. ಇದ್ರಲ್ಲಿ ಕಂಪ್ಯೂಟ್ರು ಓಡಿಸ್ತಿದ್ರೆ ಫೋನು ಹೆಂಗ್ ಬಂದಾತು?"

ಅಂದು ರಾತ್ರಿಯ ಊಟ ತಟ್ಟೆಯಲ್ಲೇ ಉಳಿಯಿತು. ಗುಬ್ಬಿಯಲ್ಲಿ ಲ್ಯಾಬು ಶುರುವಾಗಿ ಆಂಜನಪ್ಪ ಕೊಟ್ಟ ಮೈಸೂರುಪಾಕಿನ ಪೊಟ್ಟಣ ಬಿಚ್ಚದೆ ಮಣೆಯ ಮೇಲಿತ್ತು.

"ಎರಡೇ ದಿನ ಅಂತ ಶುರುಮಾಡಿದ್ದು ಅಪ್ಪ" ಎಂದ ಪ್ರದ್ಯುಮ್ನ.

"ಅಕ್ಕ ಫೋನ್ ಮಾಡೋ ಹೊತ್ತು ಅಂತ ಗೊತ್ತಿತ್ತೋ ಇಲ್ವೋ?"

"ಗೊತ್ತಿತ್ತು."

"ನಿಂಗೆ?"

ಶಾರದ ಸಾರಿನ ಸೌಟು ಕೆಳಗಿಟ್ಟಳು. "ಗೊತ್ತಿತ್ತು. ನಾನೇ ಹೂಂ ಅಂದೆ. ನಿಮಗೆ ಹೇಳ್ಬೇಡ ಅಂದಿದ್ದೂ ನಾನೇ."

"ಗೊತ್ತಿದ್ದೂ ಆರು ದಿನ ಸುಮ್ಮನಿದ್ಯಾ? ನಿನ್ನೆ ನನ್ನ ಆ ಆಫೀಸಿಗೆ ಕಳಿಸಿ ಮಾನ ಕಳೆದ್ಯಲ್ಲೇ! ಅವಳು ಏನ್ ತಿಳ್ಕೊಂಡಿದಾಳೆ ಗೊತ್ತಾ? ಹೆತ್ತಪ್ಪ ಬಾಗಿಲು ಹಾಕ್ದ ಅಂತ!"

"ನಾನು ನಾಳೆ ಕುಣಿಗಲ್ಲಿಗೆ ಹೋಗಿ ಅಕ್ಕನಿಗೆ ಎಲ್ಲಾ ಹೇಳ್ತೀನಿ" ಎಂದು ಪ್ರದ್ಯುಮ್ನ ಎದ್ದ.

ಮೇಷ್ಟ್ರು ಅವನ ತೋಳು ಹಿಡಿದು ತಡೆದರು. ಆಮೇಲೆ ಮೊದಲಿನ ಕಾವಿಲ್ಲದ ದನಿಯಲ್ಲಿ ಹೇಳಿದರು. "ಬೇಡ. ಕೂತ್ಕೋ. ನನ್ನ ಮೇಲೆ ಸಿಟ್ಟಿದ್ರೆ ಇರ್ಲಿ. ಆ ಮಾತು ಆಡಿದ್ದಂತೂ ನಾನೇ. ಅಮ್ಮನೂ ಗೊತ್ತಿದ್ದು ಸುಮ್ಮನಿದ್ಲು ಅಂತ ಗೊತ್ತಾದ್ರೆ, ಅವಳಿಗೆ ತವರು ಅಂತ ಯಾರಿದಾರೆ?"

ಶಾರದ ಒಲೆಯ ಕಡೆ ಮುಖ ಮಾಡಿ ಅತ್ತಳು. ಗಂಡ ಬೈದಿದ್ದರೆ ಚೆನ್ನಾಗಿತ್ತು ಎನಿಸಿತು.

ಎರಡು ತಿಂಗಳು ಒಳಕೋಣೆಯ ಮಂಚ ಖಾಲಿ ಬಿದ್ದಿತ್ತು. ಕುಣಿಗಲ್ಲಿಗೆ ಫೋನು ಮಾಡಿದಾಗಲೆಲ್ಲ ಬೀಗಿತ್ತಿಯೇ ಎತ್ತಿ, ಚೆನ್ನಾಗಿದಾಳೆ ಎಂದು ಇಟ್ಟುಬಿಡುತ್ತಿದ್ದರು. ಶಾರದ ಎರಡು ಸಲ ಕಾಗದ ಬರೆಯಲು ಕೂತಳು. ಕ್ಷೇಮದ ಸಾಲು ದಾಟಿ ಲೇಖನಿ ಮುಂದೆ ಹೋಗಲಿಲ್ಲ. ಕೊನೆಗೊಂದು ಬೆಳಗ್ಗೆ ಸುದ್ದಿ ಬಂತು, ಹೆಣ್ಣು ಮಗು, ಬಾಣಂತಿ ಕ್ಷೇಮ. ಆರನೇ ದಿನ ಆಸ್ಪತ್ರೆಯಿಂದ ಮನೆಗೆ ಬಂದರೆಂದು ತಿಳಿದು ಗಂಡಹೆಂಡತಿ ಇಬ್ಬರೂ ಹೊರಟರು.

ಬೀಗರ ಮನೆಯಲ್ಲಿ ಮರ್ಯಾದೆಗೇನೂ ಕೊರತೆಯಿರಲಿಲ್ಲ. ಕಾಲಿಗೆ ನೀರು ಕೊಟ್ಟರು, ಉಪ್ಪಿಟ್ಟು, ಕಾಫಿ ಕೊಟ್ಟರು. ಪುರುಡು ಕಳೆಯುವವರೆಗೆ ಗಂಡಸರು ಬಾಣಂತಿಯ ಕೋಣೆಗೆ ಹೋಗುವಂತಿಲ್ಲ, ಮಗುವನ್ನು ಬಾಗಿಲಿಗೆ ತಂದು ತೋರಿಸುತ್ತಾರೆ. ಮೇಷ್ಟ್ರು ಹಜಾರದ ಬೆಂಚಿನ ತುದಿಯಲ್ಲಿ, ಆ ಬಾಗಿಲು ಕಾಣುವ ಕಡೆ ಕೂತರು. ಶಾರದ ಒಳಗೆ ಹೋದಳು.

ಅಪರ್ಣ ತಲೆಗೆ ಬಟ್ಟೆ ಸುತ್ತಿಕೊಂಡು ಮಲಗಿದ್ದಳು. ಅಮ್ಮನನ್ನು ನೋಡಿದ್ದೇ ಕೈ ಹಿಡಿದುಕೊಂಡು ಅತ್ತಳು. "ನೋವು ಬಂದಾಗ ನಿನ್ನೇ ಕೂಗಿದೆ ಕಣಮ್ಮ. ಅತ್ತೆ ಚೆನ್ನಾಗೇ ನೋಡ್ಕೊಂಡ್ರು. ಆದ್ರೂ ನಿನ್ನೇ ಕೂಗಿದೆ."

ಪಕ್ಕದಲ್ಲಿ ಮಗು ಕಣ್ಣು ಪಿಳಿಪಿಳಿ ಬಿಡುತ್ತಾ ಸಣ್ಣಗೆ ಸದ್ದು ಮಾಡುತ್ತಿತ್ತು. ಶಾರದ ಅದನ್ನು ಎತ್ತಿಕೊಂಡಳು.

"ಹೊರಗಡೆ ಅಪ್ಪ ಕಾಯ್ತಿದಾರೆ ಕಣೇ. ಬಾಗಿಲ ಹತ್ರ ತೋರಿಸಿ ಬರ್ತೀನಿ."

ಅಪರ್ಣಳ ಮುಖ ಬಿಗಿಯಿತು. "ಬೇಡ."

"ಅಪ್ಪೀ..."

"ಮಗು ಮಲಗಿದೆ ಅಂತ ಹೇಳು. ಆರು ದಿನ ಫೋನ್ ಎತ್ತಿ ಪಕ್ಕಕ್ಕಿಟ್ಟೋರಿಗೆ ಮೊಮ್ಮಗು ಯಾಕೆ? ನೀನೊಬ್ಳು ಇದೀಯಲ್ಲ, ಸಾಕು. ನೀನು ಪಕ್ಕದಲ್ಲಿದ್ದು ಎಷ್ಟು ಒದ್ದಾಡಿದ್ಯೋ ನಂಗೊತ್ತು."

ಶಾರದಳ ಬಾಯಿ ತೆರೆಯಿತು. ಅಪ್ಪ ಅಲ್ಲ ಕಣೇ, ನಾನು. ಅಷ್ಟೇ ಹೇಳಬೇಕಿದ್ದದ್ದು. ಮಗಳು ಅವಳ ಕೈಯನ್ನು ಕೆನ್ನೆಗೆ ಒತ್ತಿಕೊಂಡಿದ್ದಳು, ಕೆನ್ನೆ ಬಿಸಿಯಾಗಿತ್ತು. ಆ ಕೈಯನ್ನು ಬಿಡಿಸಿಕೊಳ್ಳುವ ಧೈರ್ಯ ಅವಳಿಗೆ ಬರಲಿಲ್ಲ. ಮಗುವನ್ನು ಮೆಲ್ಲಗೆ ಮಲಗಿಸಿ, ಬಾಗಿಲಿಗೆ ಬಂದು, ಎದ್ದು ನಿಂತಿದ್ದ ಗಂಡನಿಗೆ ಹೇಳಿದಳು.

"ಮಗು ಮಲಗಿದೆ ರೀ."

"ಹೌದಾ. ಮಲಗಲಿ, ಮಲಗಲಿ" ಎಂದು ಮೇಷ್ಟ್ರು ಮತ್ತೆ ಬೆಂಚಿಗೆ ಕೂತರು.

ವಾಪಸು ತುಮಕೂರಿನ ಬಸ್ಸಿನಲ್ಲಿ ಇಬ್ಬರಿಗೂ ಜಾಗ ಸಿಕ್ಕಿತು. ಹೆಬ್ಬೂರು ಬರುವವರೆಗೆ ಮೇಷ್ಟ್ರು ಕಿಟಕಿಯ ಹೊರಗೆ ನೋಡುತ್ತಿದ್ದರು. ಆಮೇಲೆ ಕೇಳಿದರು.

"ಎಚ್ಚರ ಇತ್ತು ಅಲ್ವೇನೇ ಮಗು? ಸದ್ದು ಕೇಳಿಸ್ತಿತ್ತು."

ಶಾರದ ಹೂಂ ಎಂದಳು.

"ಅವಳಿಗೆ ನೀನೇನೂ ಹೇಳ್ಲಿಲ್ಲ ತಾನೇ?"

"ಇಲ್ಲ."

"ಒಳ್ಳೇದಾಯ್ತು" ಎಂದರು ಮೇಷ್ಟ್ರು. ಹೇಳಿದೆ ಎಂಬ ಉತ್ತರಕ್ಕೆ ಅವರು ಎಷ್ಟು ಕಾದಿದ್ದರೆಂಬುದು ಶಾರದಳಿಗೆ ಆಗ ತಿಳಿಯಿತು. ಅವರು ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು.

"ಯಾರ ಹಾಗಿದೆಯೇ? ಸ್ವಲ್ಪ ಹೇಳು."

ಶಾರದ ಹೇಳತೊಡಗಿದಳು. ಕೂದಲು ಒತ್ತಾಗಿದೆ, ಬೆರಳು ಉದ್ದ, ಹಣೆ ಅಗಲ, ಗಲ್ಲದಲ್ಲಿ ಸಣ್ಣ ಗುಳಿ. ಮೇಷ್ಟ್ರು ಒಂದೊಂದಕ್ಕೂ ಹೂಂ ಎನ್ನುತ್ತಾ, ಕಣ್ಣು ಮುಚ್ಚಿ ಕೇಳುತ್ತಾ ಕೂತಿದ್ದರು.